ಟೈಲ್ಸಿಗೆ ಬಣ್ಣ, ಮೇಸ್ತ್ರಿಯ ದನಿ

ಮೇಸ್ತ್ರಿಯ ದನಿ ಕದ್ದವನು ನಾನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಡುಗೆಮನೆಯಲ್ಲಿ ಒಲೆ ಹಿಂದಿನ ಟೈಲ್ಸ್ ಬಿರುಕುಬಿಟ್ಟು, ನನ್ನಮ್ಮ, ಅಂದರೆ ಆಯಿ, ಒರೆಸುವಾಗಲೆಲ್ಲ ಬಟ್ಟೆಯ ಜೊತೆ ಬೆರಳೂ ಗೀರಿಕೊಳ್ಳುತ್ತಿತ್ತು. ಹೊಸದು ಹಾಕಿಸಬೇಕೆಂದು ಅವಳ ಆಸೆ. ಮೇಲೊಂದು ಬಣ್ಣ ಬಳಿದರೆ ಸಾಕೆಂದು ನನ್ನ ವಾದ. ವಾದದ ಹಿಂದೆ ಇದ್ದದ್ದು ಶುದ್ಧ ಸೋಮಾರಿತನ: ಟೈಲ್ಸ್ ಕಿತ್ತರೆ ಚೂರು ಹೊರುವವನು ಮನೆಯಲ್ಲಿ ನಾನೊಬ್ಬನೇ. ಕಡೆಗೆ ಆಯಿ, "ಮೇಸ್ತ್ರಿ ಹೇಳ್ದಾಂಗೆ ಮಾಡನ," ಎಂದುಬಿಟ್ಟಳು.

ನಮ್ಮ ಮೇಸ್ತ್ರಿ ಹಾವೇರಿ ಕಡೆಯವರು, ಮಾತಿಗೊಮ್ಮೆ 'ಅಕ್ಕಾರ' ಎನ್ನುವವರು. ಊರಲ್ಲಿ ಯಾರ ದನಿಯನ್ನೂ ನಾನು ಅಣಕಿಸದೆ ಬಿಟ್ಟವನಲ್ಲ. ನನ್ನ ಸ್ವಂತ ದನಿಯೊಂದು ಮಾತ್ರ ಇನ್ನೂ ಸರಿಯಾಗಿ ಬರುವುದಿಲ್ಲ. ಮಾಗೋಡಿನ ಹತ್ತಿರದ ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಯಾರ ನಂಬರನ್ನೂ ತೋರಿಸದ ಹಳೇ ಲ್ಯಾಂಡ್‌ಲೈನೇ ಗತಿ. ಯಲ್ಲಾಪುರ ಪೇಟೆಯಿಂದ ಆ ಲ್ಯಾಂಡ್‌ಲೈನಿಗೇ ಫೋನ್ ಮಾಡಿದೆ.

"ಅಕ್ಕಾರ, ನಾ ಮೇಸ್ತ್ರಿರೀ. ಟೈಲ್ಸ್ ಕೀಳೂದೇನೂ ಬ್ಯಾಡ್ರಿ, ಪೇಂಟ್ ಹೊಡಸ್ರಿ, ಸಾಕು."

ಆಯಿಯ ಮಾತಿನಲ್ಲಿ ನಗುವಿನ ಸುಳಿವೂ ಇರಲಿಲ್ಲ. "ತಡೀರಿ ಮೇಸ್ತ್ರೀ, ಮೇಸ್ತ್ರಿ ಇಲ್ಲೇ ಚಾ ಕುಡೀತಾ ಕೂತಿದ್ದಾರೆ. ಅವರನ್ನೂ ಒಂದು ಮಾತು ಕೇಳಿ."

ಗೋಡೆಯ ಅಳತೆ ತೆಗೆಯಲು ಅವರು ಹೇಳದೆ ಬಂದಿದ್ದರಂತೆ. ರಿಸೀವರ್ ಅವರ ಕೈಗೆ ಹೋಯಿತು. ಗಾಬರಿಯಲ್ಲಿ ನಾನು ಅವರದೇ ದನಿಯಲ್ಲಿ "ನಮಸ್ಕಾರ್ರೀ" ಅಂದೆ. ಆ ಕಡೆಯಿಂದ ಚಾ ಹೀರಿದ ಸದ್ದು ಕೇಳಿಸಿತು, ಆಮೇಲೆ ಮಾತು.

"ನನ್ನ ದನಿ ಭಾಳ ಚೊಲೋ ತೆಗಿತೀಯಪಾ ತಮ್ಮಾ. ನಾಳೆ ಈ ಟೈಲ್ಸೂ ನೀನ ತೆಗಿ."