ಸುಗ್ಗಿ ಕುಣಿತಕ್ಕೆ ಸ್ವರಲಿಪಿ

ಕುಮಟಾದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ನನ್ನ ಗೆಳೆಯ ರಮಾಕಾಂತ ಭಂಡಾರಿ, ಸುಗ್ಗಿ ಕುಣಿತದ ಹಾಡನ್ನೂ ಹೆಜ್ಜೆಯ ತಾಳವನ್ನೂ ಬ್ಯಾಂಡಿನವರು ನೋಡಿ ನುಡಿಸುವಂತೆ ಸ್ವರಲಿಪಿಯಲ್ಲಿ ಬರೆಯತೊಡಗಿದ್ದು ೧೯೯೮ರಲ್ಲಿ. ಹೋಳಿ ಕಳೆದು ತಲೆಯ ತುರಾಯಿ ಬಿಚ್ಚಿದ ಮೇಲೆ ಸುಗ್ಗಿಯವರು ಮರುವರ್ಷದ ತನಕ ಒಂದು ಹೆಜ್ಜೆಯನ್ನೂ ಹಾಕುವುದಿಲ್ಲ. ಅವನಿಗೆ ವರ್ಷಕ್ಕೆ ಸಿಗುತ್ತಿದ್ದುದು ಏಳೆಂಟು ದಿನ. ತಂಡದ ಹಿಂದೆ ಮನೆಮನೆ ಅಲೆದು ನಿಂತಲ್ಲೇ ಬರೆಯುತ್ತಿದ್ದ.

ಎಂಟನೆಯ ಸುಗ್ಗಿಗೆ ಶ್ವಾಸಕೋಶ ಕೈಕೊಟ್ಟು ಮನೆ ಹಿಡಿದಿದ್ದ. ಕುಣಿತದ ಕೊನೆಯ ಸುತ್ತೊಂದು ಬರೆಯುವುದು ಬಾಕಿಯಿತ್ತು. ತಂಡ ಅವನ ಅಂಗಳಕ್ಕೇ ಬಂತು.

“ಇನ್ನೊಂದ್ ಸಲ ಕುಣಿ ಗಣಪಣ್ಣಾ,” ಎಂದ ರಮಾಕಾಂತ.

“ನಾಕ್ ಸಲ ಆತು ಮಾರಾಯ! ಎಂತ, ನಿನ್ ಪೆನ್ನಿಗೆ ಕಾಲಿಲ್ವಾ?” ಎಂದು ಬೈಯುತ್ತಲೇ ಮುಂದಾಳು ಗಣಪ ಗೌಡ ಮತ್ತೆ ಕುಣಿದ.

ರಮಾಕಾಂತ ಬರೆದು ಮುಗಿಸಿದ. ಯುಗಾದಿಗೆ ಮೊದಲೇ ತೀರಿಕೊಂಡ. ಈಗ ನಾನು ಕ್ಲಾರಿನೆಟ್, ಟ್ರಂಪೆಟ್, ಡ್ರಮ್ಮಿಗೆ ಬೇರೆಬೇರೆ ಪ್ರತಿ ತೆಗೆಯುತ್ತಿದ್ದೇನೆ. ಸೋಮವಾರ ಬ್ಯಾಂಡಿನವರ ತಾಲೀಮಿದೆ.