ಗಿಡ ಕಾಯಿ

ಉದ್ಯಾನದಲ್ಲಿ ಎಲ್ಲರೂ ಅವಳನ್ನು ಮಾಲಿಯಕ್ಕ ಎನ್ನುತ್ತಿದ್ದರು. ಎಲೆ ಉದುರಿ ಮುಗಿಯುವ ಕಾಲಕ್ಕೆ ಉಳಿದ ಮಾಲಿಗಳು ಸಲಿಕೆ ಬಿಸಾಕಿ ಕೈಕಟ್ಟಿ ಕೂತರೆ, ಇವಳಿಗೆ ಆಗಲೇ ಉಸಿರಾಡಲೂ ಪುರುಸೊತ್ತಿಲ್ಲ. ಹಿಂದಿನ ಗೋಡೆಯ ಮೂಲೆ ಅವಳದು: ತಡವಾಗಿ ಅರಳುವ ಸೇವಂತಿಗೆ, ತಾಮ್ರದ ಬಣ್ಣಕ್ಕೆ ತಿರುಗಿದ ಬಳ್ಳಿ, ನಡುವೆ ಮೈತುಂಬ ಕೆಂಪು ಕಾಯಿ ಹೊತ್ತ ಪೊದೆ. ಅಧಿಕಾರಿಗೆ ಆ ಮೂಲೆಯ ಮೇಲೇ ಕಣ್ಣು. ಸಿಮೆಂಟ್ ಹಾಕಿಸಿ ಗಾಡಿ ನಿಲ್ಲಿಸಬೇಕಂತೆ. "ನಾಳೆ ಬರ್ತೀನಿ. ಈ ಕಾಲದಲ್ಲೂ ನೋಡೋಕೆ ಏನಾದ್ರೂ ಇದ್ರೆ ಬಿಡ್ತೀನಿ," ಎಂದು ಹೇಳಿ ಹೋಗಿದ್ದರು.

ಇಂಥ ಹೊತ್ತಲ್ಲೇ ಗೊಬ್ಬರ ತರಲು ಹೋಗಬೇಕಾಯಿತು. ಎದುರಿನ ಸಭಾಂಗಣದ ಅಲಂಕಾರದವರು ಕದ್ದು ಕೊಂಬೆ ಮುರಿಯುವುದು ಪ್ರತಿವರ್ಷದ ಗೋಳು. ಅದಕ್ಕೇ ಗಾಡಿ ಹತ್ತುತ್ತ ಗೇಟಿನ ಕಾವಲುಗಾರನಿಗೆ, ಅಂದರೆ ಒಡಹುಟ್ಟಿದ ತಮ್ಮನಿಗೆ, ಕೂಗಿ ಹೇಳಿದಳು: "ಗಿಡ ಕಾಯಿ, ಕೀಳೋರು ಬರ್ತಾರೆ."

ಆ ಮಹಾನುಭಾವ ಕೇಳಿಸಿಕೊಂಡಿದ್ದು, ಗಿಡದ ಕಾಯಿ ಕೀಳೋರು ಬರ್ತಾರೆ ಅಂತ. ಅವರು ಬಂದರು. ಇವನು ಗೇಟು ತೆರೆದ, ಏಣಿ ಹಿಡಿದ, ಸಾಲದ್ದಕ್ಕೆ ಸೇವಂತಿಗೆಯನ್ನೂ ತೋರಿಸಿದ.

"ಕಾಯೋದೇ ನಿನ್ನ ಕೆಲಸ ಕಣೋ. ಕಾಯಿ ಅಂದ್ರೆ ಇನ್ನೇನಂತ ತಿಳ್ಕೊಂಡೆ?" ಮಾಲಿಯಕ್ಕ ಹಣೆ ಚಚ್ಚಿಕೊಂಡಳು.

"ನೀನೇ ಕಳ್ಸಿದೀಯ ಅನ್ಕೊಂಡೆ ಅಕ್ಕಾ. ನಿನ್ನ ಮರ್ಯಾದೆ ಉಳೀಲಿ ಅಂತ ಟೀನೂ ಕೊಡ್ಸಿದೆ."

ಟೀ ಬೇರೆ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ತನ್ನ ತಪ್ಪು ಗೊತ್ತಾದ ಮೇಲಾದರೂ ಸುಮ್ಮನಿದ್ದನೇ? ಸಭಾಂಗಣಕ್ಕೆ ಓಡಿ, ಕೈಕಾಲು ಹಿಡಿದು, ಅರ್ಧ ಕೊಂಬೆಗಳನ್ನು ವಾಪಸ್ ತಂದ. ಅಕ್ಕನಿಗೂ ಹೇಳದೆ ತಂತಿಯಲ್ಲಿ ಪೊದೆಗೆ ಬಿಗಿದ. ಬೆಳಿಗ್ಗೆ ಅಧಿಕಾರಿ ಮೆಚ್ಚಿ ಮುಟ್ಟಿದ್ದೇ ತಡ, ಕೊಂಬೆ ತಂತಿ ಸಮೇತ ಅವರ ಕೈಗೇ ಬಂತು.

"ಯಾರು ಕಟ್ಟಿದ್ದು ಇದನ್ನ?"

ತಮ್ಮನ ಮುಖ ಬಿಳಿಚಿಕೊಂಡಿತು. ಇನ್ನೊಂದು ತಪ್ಪು ಮಾಡಿದರೆ ಮನೆಗೆ ಎಂದು ಅವನಿಗೆ ಆಗಲೇ ಹೇಳಿಯಾಗಿತ್ತು. ಕೊಂಬೆ ಇದೇ ಪೊದೆಯದು, ಕೀಳಿಸಿದ್ದು ಇವನು ಎಂದು ನಿಜ ಹೇಳಿದರೆ ಮೂಲೆ ಉಳಿಯುತ್ತದೆ, ಇವನ ಕೆಲಸ ಹೋಗುತ್ತದೆ. ದರಿದ್ರದವನು, ಅವಳ ಮುಖವನ್ನೇ ನೋಡುತ್ತಿದ್ದ.

"ನಾನೇ ಸಾರ್," ಎಂದಳು.

"ಹಾಗಾದ್ರೆ ಇಲ್ಲಿ ನೋಡೋಕೆ ಏನೂ ಇಲ್ಲ ಅಂತ ನೀವೇ ಒಪ್ಕೊಂಡ ಹಾಗಾಯ್ತಲ್ಲ," ಎಂದು ಅಧಿಕಾರಿ ಕೊಂಬೆಯನ್ನು ಅಲ್ಲೇ ಇಟ್ಟು ಹೊರಟರು. ಸೋಮವಾರ ಸಿಮೆಂಟ್ ಬರುವುದಿತ್ತು.

"ನನ್ನ ಹೆಸರು ಹೇಳ್ಬಿಡ್ಬೇಕಿತ್ತು ಅಕ್ಕಾ."

"ಹೇಳಿ ನಿನ್ನನ್ನ ಮನೇಲಿ ಕೂರಿಸ್ಕೊಂಡು ಏನ್ ಮಾಡ್ಲಿ? ಗೇಟಿಗೆ ಹೋಗು," ಎಂದು ಗದರಿ, ಅವಳು ಉಳಿದ ತಂತಿಗಳನ್ನು ಬಿಚ್ಚಲು ಕೂತಳು. ಕಣ್ಣು ತುಂಬಿ ಒಂದು ಗಂಟೂ ಕಾಣುತ್ತಿರಲಿಲ್ಲ.