ಪ್ರಾಕ್ಟಿಕಲ್‌ಗೆ ತೆಗೆದಿಟ್ಟ ಬಳೆಗಳು

ಆ ಭಾನುವಾರವೂ ನಮ್ಮ ಮನೆಯವರು ನನ್ನನ್ನು ಬೈಕಿನ ಮೇಲೆ ಬ್ಯಾಡಗಿಯಿಂದ ಹಾವೇರಿಗೆ ಕರೆದುಕೊಂಡು ಬಂದರು. ದಾರಿಯಲ್ಲಿ ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಂತೆವು. ಒಂದೇ ಚಹಾ ತೆಗೆದುಕೊಂಡು, ಒಂದಿಷ್ಟು ಬಸಿಗೆ ಸುರಿದು ತಾವು ಕುಡಿದರು, ಕಪ್ಪು ನನಗೆ ಕೊಟ್ಟರು. ಕಪ್ಪಿನಲ್ಲಿ ಉಳಿದದ್ದೇ ಯಾವಾಗಲೂ ಜಾಸ್ತಿ ಇರುತ್ತಿತ್ತು. ಸಂಜೆ ಹೋಗುವಾಗ ಅತ್ತೆಯ ಮೊಣಕಾಲಿಗೆ ಎಣ್ಣೆ ತೆಗೆದುಕೊಳ್ಳಬೇಕು ಎಂದು ನಾನು ನೆನಪಿಸಿದೆ. ಹೂಂ ಅಂದರು.

ಕ್ಲಾಸು ನಡೆಯುವ ಕೇಂದ್ರದ ಗೇಟಿನ ಮುಂದೆ ಇಳಿದು, ಎರಡೂ ಕೈಯ ಹಸಿರು ಬಳೆಗಳನ್ನು ತೆಗೆದು ಅವರಿಗೆ ಕೊಟ್ಟೆ. ಅವರು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಮೇಲೊಮ್ಮೆ ಕೈಯಾಡಿಸಿ, ಗಾಡಿ ತಿರುಗಿಸಿಕೊಂಡು ಹೋದರು. ಅದು ನಮ್ಮ ಪ್ರತಿ ಭಾನುವಾರದ ಕೆಲಸವಾಗಿತ್ತು.

ನಾನು ಮೊದಲು ಓದಿದ್ದು ಸಹಾಯಕ ನರ್ಸಿನ ಕೋರ್ಸು. ರಾಣೆಬೆನ್ನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೆ. ಸಲಾಯಿನ್ ಹಚ್ಚುತ್ತಿದ್ದೆ, ಗಾಯ ಕಟ್ಟುತ್ತಿದ್ದೆ, ಓಣಿಯವರು ನರ್ಸಬಾಯಿ ಎಂದು ಕರೆಯುತ್ತಿದ್ದರು. ಆದರೆ ನೋಂದಾಯಿತ ನರ್ಸು ಅಲ್ಲ. ನಂತರ ಬಂದ ಹುಡುಗಿಯರು ನನ್ನ ಕಡೆಯಿಂದ ಕೆಲಸ ಕಲಿತು, ನನ್ನನ್ನು ದಾಟಿ ಮೇಲೆ ಹೋಗುತ್ತಿದ್ದರು. ಮನೆಯವರು ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೇರುವ ಟಂಟಂ ಓಡಿಸುತ್ತಿದ್ದರು. ನಾನಿದ್ದ ಜಾಗದಲ್ಲೇ ಕೆಲಸ ಮಾಡುತ್ತ ಮುಂದಿನ ಕೋರ್ಸನ್ನು ದೂರಶಿಕ್ಷಣದಲ್ಲಿ ಓದಬಹುದು ಎಂಬ ಸುದ್ದಿಯನ್ನು ಪೇಟೆಯಿಂದ ಕೇಳಿಕೊಂಡು ಬಂದವರು ಅವರೇ. ಪಾಠದ ಪುಸ್ತಕ ಅಂಚೆಯಲ್ಲಿ ಬರುತ್ತಿದ್ದವು. ಭಾನುವಾರ ಹಾವೇರಿಯಲ್ಲಿ ಕ್ಲಾಸು. ಕೊನೆಗೆ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ, ಕೋರ್ಸಿನವರು ಹೇಳಿದಷ್ಟು ಹೆರಿಗೆಗಳನ್ನು ಸ್ವಂತ ಕೈಯಿಂದ ಮಾಡಿಸಿದರೆ ಮಾತ್ರ ಪರೀಕ್ಷೆಗೆ ಕೂರಬಹುದಿತ್ತು.

ಕ್ಲಾಸಿನ ಮೊದಲ ದಿನವೇ, ನನಗಿಂತ ಚಿಕ್ಕವಳಾದ ಮೇಡಂ ನನ್ನ ಮಣಿಕಟ್ಟು ನೋಡಿ, ಬಳೆ ಹಾಕಿಕೊಂಡು ಯಾರೂ ಪ್ರಾಕ್ಟಿಕಲ್ ಕೋಣೆಗೆ ಬರಬಾರದು ಅಂದರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು, ಬಳೆಯ ಕೆಳಗೆ ಹೊಲಸು ಕೂರುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಬಳೆ ಮೇಲಕ್ಕೇರಿಸಿ ರಬ್ಬರು ಹಾಕಿಕೊಂಡರೆ ಆಗುತ್ತಿತ್ತು.

ಮನೆಯಲ್ಲಿ ಹೇಳಿದಾಗ ಅತ್ತೆ ಊಟ ಬಿಟ್ಟರು. ಗಂಡ ಗಟ್ಟಿಮುಟ್ಟಾಗಿರುವಾಗ ಕೈ ಬರಿದು ಮಾಡಿಕೊಳ್ಳುವುದು ಎಂಥ ಓದು ಎಂದು ಅವರ ಮಾತು. ಬಳೆ ಚೀಲದಲ್ಲಿಟ್ಟರೆ ಒಡೆಯುತ್ತವೆ, ನೆಲದ ಮೇಲಿಡಬಾರದು, ಮೊಳೆಗೆ ತೂಗುಹಾಕಬಾರದು. ಎರಡು ದಿನ ಮನೆಯಲ್ಲಿ ಇದೇ ನಡೆಯಿತು. ಮೂರನೆಯ ದಿನ ಮನೆಯವರು ತಾವೇ ಒಂದು ಶಾಸ್ತ್ರ ಹುಟ್ಟಿಸಿದರು.

"ಗಂಡನ ಕಿಸೇದಾಗ ಇದ್ರ ದೋಷ ಇಲ್ಲಬೇ. ಕೈಯಾಗ ಇದ್ದಂಗ ಲೆಕ್ಕ."

"ಯಾರ ಹೇಳ್ಯಾರ ಹಂಗಂತ?" ಎಂದು ಅತ್ತೆ ಕೇಳಿದರು.

"ನಾ ಹೇಳಾಕತ್ತೇನಲ್ಲ. ಗಂಡ ನಾನ ಅದೇನಿ."

ಅತ್ತೆಗೆ ನಗು ಬಂತು, ಅಲ್ಲಿಗೆ ಮುಗಿಯಿತು. ಪೇಟೆಯಲ್ಲಿ ಮಾತ್ರ ಮುಗಿಯಲಿಲ್ಲ. ಭಾನುವಾರ ಚೀಲ ಎತ್ತಲು ಬಗ್ಗಿದಾಗ ಕಿಸೆಯಲ್ಲಿ ಬಳೆ ಸಪ್ಪಳ ಮಾಡುತ್ತಿದ್ದವಂತೆ. ಸೀರೆ ಯಾವಾಗ ಉಡುತ್ತೀ ಎಂದು ಹಮಾಲರು ಕೇಳಿದ್ದಕ್ಕೆ, ಆಕೆ ದೊಡ್ಡ ನರ್ಸು ಆದ ದಿನ ಉಡುತ್ತೇನೆ, ನೆರಿಗೆ ಹಿಡಿಯಲು ನೀವು ಬರಬೇಕು ಅಂದರಂತೆ. ಇದನ್ನು ಅವರೇ ನನಗೆ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನಿಂದಾಗಿ ಅವರು ಈ ಮಾತು ಕೇಳಬೇಕಾಯಿತು ಅನ್ನಿಸಿತು.

ಮೋಟೆಬೆನ್ನೂರಿನಲ್ಲಿ ಚಹಾ ಕುಡಿದು ಬಂದ ಆ ಭಾನುವಾರ ಸಂಜೆ ಕ್ಲಾಸು ಬಿಟ್ಟಾಗ ಗೇಟಿನ ಹತ್ತಿರ ಅವರಿರಲಿಲ್ಲ. ಅವರ ಅಣ್ಣ ನಿಂತಿದ್ದರು. ತಮ್ಮನಿಗೆ ಆರಾಮಿಲ್ಲ, ಗಾಡಿ ಹತ್ತು ಅಂದರು. ಭಾವನವರು ಗಾಡಿ ಓಡಿಸುವ ನಿಧಾನ ನೋಡಿಯೇ ನನಗೆ ತಿಳಿಯಿತು. ಆಸ್ಪತ್ರೆಗೆ ಹೋಗುವವರು ಹಾಗೆ ಓಡಿಸುವುದಿಲ್ಲ.

ಮನೆಯವರು ಮಧ್ಯಾಹ್ನ ಊಟ ಮಾಡಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ನಮ್ಮ ಪದ್ಧತಿಯಂತೆ ಹೆಣವನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಹೆಂಗಸರೆಲ್ಲ ನನಗಾಗಿ ಕಾಯುತ್ತಿದ್ದರು. ನಾನು ಬಿಳಿ ಯೂನಿಫಾರ್ಮಿನಲ್ಲಿ ಬರಿಗೈಯಲ್ಲಿ ಇಳಿದೆ. ಎಲ್ಲರೂ ನೋಡಿದ್ದು ನನ್ನ ಕೈಯನ್ನು. ಅತ್ತೆ ನನ್ನ ಕೈ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರೆವ್ವಾ, ಇಕಿ ಮುಂಜಾನೇನ ತಗದ ಇಟ್ಟಾಳ."

ಅಷ್ಟೇ ಅಂದರು. ಅಷ್ಟು ಜನರ ನಡುವೆ ನನಗೆ ಅಳು ಬರುವ ಮೊದಲು ನಾಚಿಕೆ ಬಂತು. ಬಳೆಗೂ ಎದೆ ನಿಲ್ಲುವುದಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಹೃದಯದ ಪಾಠ ಓದಿ, ಉತ್ತರ ಬರೆದು ಕಳಿಸಿದ್ದೆ. ಆದರೂ ಆ ಗಳಿಗೆಯಲ್ಲಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬೇಕು ಅನ್ನಿಸಿತು. ಯೂನಿಫಾರ್ಮಿಗೆ ಸೆರಗಿರಲಿಲ್ಲ.

ಮೈ ತೊಳೆಯಲು ಅಂಗಿ ಬಿಚ್ಚಿದಾಗ ಭಾವನವರಿಗೆ ಕರ್ಚೀಫಿನ ಗಂಟು ಸಿಕ್ಕಿತು. ತಂದು ಹೆಂಗಸರ ಕೈಗೆ ಕೊಟ್ಟರು. ಬಳೆ ಒಡೆಯುವ ಹೊತ್ತಿಗೆ ಮುಂದೆ ಬಂದವಳು ಎದುರುಮನೆಯ ದೊಡ್ಡವ್ವ. ಅವಳು ಗಂಡ ಸತ್ತವಳು, ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದವಳು, ಓಣಿಯಲ್ಲಿ ಇಂಥ ಕೆಲಸಕ್ಕೆಲ್ಲ ಅವಳನ್ನೇ ಕರೆಯುವುದು. ಬರೇ ಕೈಯಲ್ಲಿ ಏನು ಒಡೆಯಬೇಕು, ಮೊದಲು ತೊಡಿಸಿರಿ ಅಂದಳು. ಅವರ ಕಿಸೆಯಿಂದ ಬಂದ ಬಳೆಗಳನ್ನು ಮತ್ತೆ ನನ್ನ ಕೈಗೆ ಏರಿಸಿದರು. ಆಮೇಲೆ ದೊಡ್ಡವ್ವ ನನ್ನ ಎರಡೂ ಮಣಿಕಟ್ಟು ಹಿಡಿದು ಒಂದಕ್ಕೊಂದು ಬಡಿದಳು. ಎಡಗೈಗೆ ಗಾಜು ಹೊಕ್ಕು ರಕ್ತ ಬಂತು. ಆ ದಿನ ನಮಗೆ ಕಲಿಸಿದ್ದು ಗಾಯ ಕಟ್ಟುವುದನ್ನು. ಒಳಗೆ ಚೂರು ಉಳಿದಿರಬಹುದು, ಮೊದಲು ನೋಡಬೇಕು ಎಂದು ಮನಸ್ಸಿಗೆ ಬಂತು. ಗಂಡನ ಹೆಣದ ಮುಂದೆ ಕುಳಿತು ನಾನು ಪಾಠ ನೆನೆಸಿಕೊಂಡೆ.

ಮುಂದೆ ಕೆಲವು ತಿಂಗಳು ಪುಸ್ತಕ ತೆರೆಯಲಿಲ್ಲ. ಅಂಚೆಯಲ್ಲಿ ಬಂದವು ಬಂದ ಹಾಗೆಯೇ ಇದ್ದವು. ಅತ್ತೆ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಮುಖ ನೋಡಿ ಆಡುತ್ತಿರಲಿಲ್ಲ. ಒಂದು ದಿನ ಅಕ್ಕಿ ಆರಿಸುತ್ತ ಕುಳಿತವರು ಮೊರದ ಕಡೆ ನೋಡುತ್ತಲೇ ಹೇಳಿದರು.

"ಅವಂಗ ಅದೊಂದು ಬೇಕಾಗಿತ್ತು. ಮುಗಿಸಿ ಬಿಡು."

ನಾನು ಮತ್ತೆ ಹೋದೆ, ಬಸ್ಸಿನಲ್ಲಿ. ಈಗ ತೆಗೆಯಲು ಬಳೆ ಇರಲಿಲ್ಲ. ಕೈ ತೊಳೆಯುವುದು ಎಲ್ಲರಿಗಿಂತ ಬೇಗ ಮುಗಿಯುತ್ತಿತ್ತು. ಬರವಣಿಗೆಯ ವಿಷಯಗಳನ್ನು ಹೇಗೋ ದಾಟಿಕೊಂಡೆ. ಉಳಿದದ್ದು ರಾಣೆಬೆನ್ನೂರಿನ ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡು.

ಅಲ್ಲಿ ನನಗೆ ಬೇರೆ ತರಹದ ತೊಂದರೆ ಕಾದಿತ್ತು. ಐರಣಿಯ ಕಡೆಯಿಂದ ಒಬ್ಬ ಚೊಚ್ಚಲ ಬಸುರಿಯನ್ನು ಕರೆತಂದಿದ್ದರು. ನಾನು ಹೊಟ್ಟೆ ಮುಟ್ಟಿ ನೋಡಿ, ಇನ್ನೇನು ತಯಾರಿ ಮಾಡಬೇಕು ಅನ್ನುವಷ್ಟರಲ್ಲಿ ಅವಳ ಅತ್ತೆ ನನ್ನ ಹಣೆ ನೋಡಿದಳು. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಜೊತೆಗೆ ಬಂದಿದ್ದ ಮಗಳ ಮಗಳ ಕಡೆಯಿಂದ ಓದಿಸಿದಳು. ಕೇರಳದ ಸಿಸ್ಟರುಗಳ ಹಣೆ ಬರಿದೇ ಇರುತ್ತದೆ, ನಮ್ಮ ಊರಿನ ಸಾಬರ ಹುಡುಗಿಯರದೂ ಹಾಗೇ. ಅವರಿಗೆ ಯಾರೂ ಏನೂ ಅನ್ನುವುದಿಲ್ಲ. ನನ್ನ ಹೆಸರು ಕೇಳಿ, ನಮ್ಮವಳೇ, ಗಂಡ ಸತ್ತವಳು ಎಂದು ತಿಳಿದ ಮೇಲೆ ಆ ಮುದುಕಿ ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದಲೇ ಕೇಳಿದಳು.

"ಸಿಟ್ಟಾಗಬ್ಯಾಡ್ರಿ ಸಿಸ್ಟರ್. ಮೊದಲನೇ ಕೂಸು. ಮತ್ತೊಬ್ಬರನ್ನ ಕಳಸ್ತೀರೇನು?"

ವಾರ್ಡಿನ ಹಿರಿಯ ಸಿಸ್ಟರ್ ನಿಟ್ಟುಸಿರು ಬಿಟ್ಟು ಬೇರೆಯವಳನ್ನು ಕಳಿಸಿದರು. ಆ ವಾರ ಇನ್ನೊಮ್ಮೆ ಹಾಗಾಯಿತು. ಹೆರಿಗೆ ಮಾಡಿಸಲು ಸಿಗದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಇಷ್ಟು ದಿನದ ಓದು ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಜೊತೆ ಓದುತ್ತಿದ್ದ ಹುಡುಗಿಯೊಬ್ಬಳು ಪರ್ಸಿನಿಂದ ಟಿಕಳಿ ಹಾಳೆ ತೆಗೆದು, ನನ್ನನ್ನು ಏನೂ ಕೇಳದೆ ಒಂದನ್ನು ಹಣೆಗೆ ಒತ್ತಿದಳು. ಹೀಗೇ ಒಳಗೆ ಹೋಗಿರಿ ಅಕ್ಕ ಅಂದಳು. ನಾನು ಹೋದೆ. ಆ ದಿನ ಯಾರೂ ಬೇಡ ಅನ್ನಲಿಲ್ಲ.

ಮರುದಿನ ನಾನೇ ಅಂಗಡಿಯಲ್ಲಿ ಒಂದು ಹಾಳೆ ಕೊಂಡೆ. ಕೊಳ್ಳುವಾಗ ಸುತ್ತ ನೋಡಿದೆ. ಬೆಳಿಗ್ಗೆ ಆಸ್ಪತ್ರೆಯ ಬಚ್ಚಲಿನಲ್ಲಿ ಹಚ್ಚಿಕೊಳ್ಳುತ್ತಿದ್ದೆ. ಸಂಜೆ ಬಸ್ಸಿನ ಕಿಟಕಿಯಿಂದ ಮೆಣಸಿನಕಾಯಿ ಘಾಟು ಬರಲು ಶುರುವಾದರೆ ಬ್ಯಾಡಗಿ ಹತ್ತಿರ ಬಂತು ಎಂದರ್ಥ, ಆಗ ತೆಗೆಯುತ್ತಿದ್ದೆ. ತೆಗೆದ ಜಾಗವನ್ನು ಉಗುಳು ಹಚ್ಚಿ ಒರೆಸಿಕೊಳ್ಳುತ್ತಿದ್ದೆ. ಅತ್ತೆಯ ಮುಂದೆ ಊಟಕ್ಕೆ ಕುಳಿತಾಗ ಹಣೆ ಕಾಣುತ್ತದೇನೋ ಎಂದು ತಲೆ ಎತ್ತುತ್ತಿರಲಿಲ್ಲ. ಮನೆಯವರಿಲ್ಲ ಎನ್ನುವುದನ್ನು ಬೆಳಿಗ್ಗೆ ಸುಳ್ಳು ಮಾಡಿ ಸಂಜೆ ಮತ್ತೆ ಖರೆ ಮಾಡುತ್ತಿದ್ದೆ. ಕೂಸುಗಳು ಮಾತ್ರ ಒಂದೊಂದಾಗಿ ನನ್ನ ಕೈಗೆ ಬಂದವು. ಅಳುತ್ತ ಬಂದವು. ಎಲ್ಲವೂ ಚೆನ್ನಾಗಿದ್ದವು.

ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ, ಬ್ಯಾಡಗಿಯಿಂದ ಕಳಿಸಿದ ಒಬ್ಬ ಬಸುರಿಯನ್ನು ಒಳಗೆ ತಂದರು. ನೋವು ಜೋರಾಗಿತ್ತು. ನನ್ನನ್ನು ಕಂಡ ಕೂಡಲೇ ಅಕ್ಕಾ ಎಂದು ಕೈ ಹಿಡಿದುಕೊಂಡಳು. ಎದುರುಮನೆಯ ದೊಡ್ಡವ್ವನ ಮಗಳು. ಅವಳ ಹಿಂದೆ ದೊಡ್ಡವ್ವ, ಬಟ್ಟೆಯ ಗಂಟು ಹಿಡಿದುಕೊಂಡು.

ದೊಡ್ಡವ್ವ ನನ್ನ ಹಣೆ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಬೇರೆ ಸಿಸ್ಟರ್ ಆಗ ಇನ್ನೊಂದು ಹೆರಿಗೆಯಲ್ಲಿದ್ದರು. ಟಿಕಳಿ ಕಿತ್ತು ಹಾಕಬೇಕು ಅನ್ನಿಸಿತು, ಆದರೆ ಅಷ್ಟರಲ್ಲಿ ಕೈ ತೊಳೆದು ಕೈಗವಸು ಹಾಕಿಕೊಂಡಾಗಿತ್ತು, ಮುಖ ಮುಟ್ಟುವ ಹಾಗಿರಲಿಲ್ಲ. ನಾನು ಹಾಗೆಯೇ ನಿಂತೆ. ಮಗಳು ಕೂಗಿದಳು. ದೊಡ್ಡವ್ವ ಪರದೆಯ ಆಚೆ ಹೋಗಿ ಕುಳಿತಳು.

ಗಂಡು ಕೂಸು. ಹೊಕ್ಕುಳ ಬಳ್ಳಿ ಕೊರಳಿಗೆ ಒಂದು ಸುತ್ತು ಬಿದ್ದಿತ್ತು. ಬೆರಳು ಹಾಕಿ ಮೆಲ್ಲಗೆ ಜಾರಿಸಿದೆ. ಒಂದು ಗಳಿಗೆ ಸುಮ್ಮನಿದ್ದು ಅತ್ತಿತು. ಒರೆಸಿ, ಸುತ್ತಿ, ತಾಯಿಯ ಎದೆಗೆ ಕೊಟ್ಟೆ. ಹಿರಿಯ ಸಿಸ್ಟರ್ ಬಂದು ನೋಡಿ, ಚಲೋ ಮಾಡೀರಿ ಅಂದರು. ಪರೀಕ್ಷೆಗೆ ಬೇಕಾಗಿದ್ದ ಹೆರಿಗೆಗಳು ಅದರೊಂದಿಗೆ ಮುಗಿದವು.

ಸಂಜೆ ನಾನು ಹೊರಡುವಾಗ ದೊಡ್ಡವ್ವ ಮೆಟ್ಟಿಲಿನ ಹತ್ತಿರ ನಿಂತಿದ್ದಳು. ಅವಳ ಕಣ್ಣು ಅತ್ತು ಕೆಂಪಾಗಿದ್ದವು. ನನ್ನ ಗದ್ದ ಹಿಡಿದಳು. ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು.

"ಇದನ್ನ ಹಚ್ಚಿಕೊಂಡಿದ್ದು ಓಣ್ಯಾಗ ನಾ ಯಾರಿಗೂ ಹೇಳೂದಿಲ್ಲ, ಮಗಳ. ಕೂಸು ನಿನ್ನ ಕೈಯಾಗ ಬಂತು ಅನ್ನೂದನ್ನ ನೀನೂ ಹೇಳಬ್ಯಾಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದರೆ ನಾನೂ ಏನಾದರೂ ಅನ್ನುತ್ತಿದ್ದೆನೇನೋ. ಬಳ್ಳಿ ಕೊರಳಿಗೆ ಸುತ್ತಿತ್ತು, ನಾನು ಬಿಡಿಸಿದೆ ಎಂದಾದರೂ ಹೇಳಬಹುದಿತ್ತು. ನೀನೂ ನನ್ನ ಹಾಗೆಯೇ ಬರಿಗೈಯವಳಲ್ಲವೇ ದೊಡ್ಡವ್ವ ಎಂದು ಕೇಳಬಹುದಿತ್ತು.

"ಇಲ್ಲ ದೊಡ್ಡವ್ವ, ಹೇಳೂದಿಲ್ಲ" ಅಂದೆ.

ಹಣೆಯ ಟಿಕಳಿಗಿಂತ ಈ ಮಾತಿಗೆ ನನಗೆ ಹೆಚ್ಚು ನಾಚಿಕೆ. ಮನೆಯವರು ಹಮಾಲರ ಎದುರು ಕಿಸೆಯಲ್ಲಿ ಬಳೆ ಇಟ್ಟುಕೊಂಡು ತಿರುಗಿದವರು. ಅದು ಅವರಿಗೆ ಎಂದೂ ಅವಮಾನ ಅನ್ನಿಸಿದಂತೆ ನನಗೆ ಕಾಣಲಿಲ್ಲ. ಅವರ ಹೆಂಡತಿ, ಕಲಿತ ಕೆಲಸವನ್ನು ಸರಿಯಾಗಿ ಮಾಡಿ, ಮಾಡಿಲ್ಲ ಅನ್ನುವುದಕ್ಕೆ ಒಪ್ಪಿಕೊಂಡಳು.

ಪರೀಕ್ಷೆ ಆಯಿತು. ಪಾಸಾದೆ. ನೋಂದಣಿಯೂ ಬಂತು. ಈಗ ಹಾವೇರಿಯ ಒಂದು ಆಸ್ಪತ್ರೆಯಲ್ಲಿ ನೋಂದಾಯಿತ ನರ್ಸಾಗಿ ಕೆಲಸ ಮಾಡುತ್ತೇನೆ. ಟಿಕಳಿ ಹಚ್ಚುವುದಿಲ್ಲ. ಯಾರಾದರೂ ಹಣೆ ನೋಡಿ ಕೇಳಿದರೆ ಗಂಡ ತೀರಿಕೊಂಡಿದ್ದಾರೆ ಅನ್ನುತ್ತೇನೆ. ಕೆಲವರು ಸುಮ್ಮನಾಗುತ್ತಾರೆ, ಕೆಲವರು ಬೇರೆಯವರನ್ನು ಕರೆಯುತ್ತಾರೆ.

ಆ ಕೂಸಿಗೆ ಹೆಸರಿಟ್ಟ ದಿನ ಎದುರುಮನೆಯಿಂದ ಅತ್ತೆಗೆ ಕರೆ ಬಂತು, ನನಗೆ ಬರಲಿಲ್ಲ. ದೊಡ್ಡವ್ವ ತಾನೂ ತೊಟ್ಟಿಲ ಹತ್ತಿರ ಹೋಗದೆ ಅಡುಗೆಮನೆಯಲ್ಲೇ ಇದ್ದಳು ಎಂದು ಆಮೇಲೆ ತಿಳಿಯಿತು. ಅತ್ತೆ ಅಲ್ಲಿ ಹಂಚಿದ ಕಾಳಿನ ಗುಗ್ಗರಿ ಕಟ್ಟಿಸಿಕೊಂಡು ಬಂದು ನನ್ನ ಮುಂದೆ ಇಟ್ಟರು. ಹೆರಿಗೆ ಬಹಳ ಕಷ್ಟದ್ದಿತ್ತಂತೆ, ಯಾರೋ ದೊಡ್ಡ ಡಾಕ್ಟರು ಬಂದು ಉಳಿಸಿದರಂತೆ ಅಂದರು. ನಾನು ಗುಗ್ಗರಿ ತಿಂದೆ.

ಈಗ ಅವನು ನಡೆಯುತ್ತಾನೆ. ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಾಗ ಎದುರಿನ ಕಟ್ಟೆ ಹಿಡಿದು ನಿಂತು ನನ್ನ ಚೀಲ ನೋಡುತ್ತಾನೆ. ಹುಟ್ಟಿದ ದಿನ ಬಿಟ್ಟರೆ ನಾನು ಅವನನ್ನು ಇನ್ನೂ ಒಮ್ಮೆಯೂ ಎತ್ತಿಕೊಂಡಿಲ್ಲ.